ಒಂದೇ ಒಂದು ಕಾರಿನ ಪಾಸಿಂಗ್

ಪುಣೆಯ ಕೋಥ್ರೂಡ್ ಕಡೆಯ ಜನ ಬೆಳಗ್ಗೆ ವಾಕಿಂಗ್‌ಗೆ ಹತ್ತುವ ಗುಡ್ಡವೊಂದಿದೆ. ಹಳೆಯ ಹೆಸರು ವೇತಾಳ ಟೇಕಡಿ. ಮೇಲೆ ವೇತಾಳನ ಗುಡಿಯೂ ಇದೆ. ಆದರೆ ಆ ಬದಿಯಿಂದ ಹತ್ತುವವರ ಬಾಯಲ್ಲಿ ಅದು ‘ಎಆರ್‌ಎಐ ಟೇಕಡಿ’. ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯ ಆವರಣ ಅಲ್ಲಿದೆ. ವಾಹನ ಕಂಪನಿಗಳು ಮತ್ತು ಕೇಂದ್ರ ಸರ್ಕಾರ ಸೇರಿ 1966ರಲ್ಲಿ ಕಟ್ಟಿದ ಸಂಸ್ಥೆ ಅದು. ದೇಶದ ರಸ್ತೆಗಳಲ್ಲಿ ಓಡುವ ಕಾರು, ಬೈಕು, ರಿಕ್ಷಾ, ಲಾರಿಗಳ ಎಷ್ಟೋ ಮಾದರಿಗಳು ಮಾರುಕಟ್ಟೆಗೆ ಬರುವ ಮೊದಲು ಇಲ್ಲಿ ಪರೀಕ್ಷೆ ಬರೆದು ಪಾಸಾಗಿವೆ.

ಮರಾಠಿಯ ಈ ವೇತಾಳನೇ ಕನ್ನಡದ ಬೇತಾಳ. ವಿಕ್ರಮನ ಹೆಗಲೇರಿ ಕಥೆ ಹೇಳಿ, ಕೊನೆಗೊಂದು ತೊಡಕಿನ ಪ್ರಶ್ನೆ ಇಡುವವನು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು, ಹೇಳಿದರೆ ಬೇತಾಳ ಮತ್ತೆ ಮರಕ್ಕೆ. ಮನೆಯಲ್ಲೇ ಒಂದು ಕಾರು ಕಟ್ಟಿಕೊಂಡವನು ಅದಕ್ಕೆ ನಂಬರ್ ಪ್ಲೇಟ್ ಪಡೆಯಲು ಹೊರಟರೆ ಅವನ ಪಾಡೂ ಹೆಚ್ಚುಕಡಿಮೆ ಇದೇ.

ಮಹಾರಾಷ್ಟ್ರದಲ್ಲಿ ವಾಹನ ನೋಂದಣಿಗೆ ಜನ ಬಳಸುವ ಮಾತು ‘ಪಾಸಿಂಗ್’. ಬೆಳಗಾವಿ ಕಡೆಯೂ ಅದೇ. ‘ಗಾಡಿ ಎಲ್ಲಿ ಪಾಸಿಂಗ್?’ ಎಂದರೆ ಯಾವ ಊರಿನ ಆರ್‌ಟಿಒ ನಂಬರು ಎಂದರ್ಥ. ಆ ಮಾತಿನಲ್ಲಿ ಹಳೆಯ ಕಾಲದ ನೆನಪೊಂದು ಉಳಿದಂತಿದೆ. ಯಾರೋ ಒಬ್ಬ ಅಧಿಕಾರಿ ಗಾಡಿಯ ಮುಂದೆ ನಿಂತು, ಸುತ್ತ ಒಂದು ಸುತ್ತು ಹಾಕಿ, ಬ್ರೇಕು ಒತ್ತಿಸಿ, ಹಾರ್ನ್ ಹೊಡೆಸಿ ‘ಪಾಸ್’ ಎನ್ನುತ್ತಿದ್ದ ಕಾಲ. ಈಗ ಷೋರೂಮಿನಿಂದ ಬರುವ ಹೊಸ ಕಾರನ್ನು ಆರ್‌ಟಿಒ ಎದುರು ತಂದು ನಿಲ್ಲಿಸಬೇಕಾಗಿಯೂ ಇಲ್ಲ. 2019ರ ತಿದ್ದುಪಡಿ ಅದನ್ನು ಕೈಬಿಟ್ಟಿತು. ಪಾಸಾಗುವುದು ಗುಡ್ಡದ ಮೇಲಿನ ಮಾದರಿ. ಅದರ ನಂತರ ಹುಟ್ಟುವ ಲಕ್ಷಾಂತರ ಕಾರುಗಳು ಆ ಪಾಸನ್ನು ಪಿತ್ರಾರ್ಜಿತ ಆಸ್ತಿಯಂತೆ ಕಾಗದದಲ್ಲೇ ಪಡೆಯುತ್ತವೆ. ತಮ್ಮನಿಲ್ಲದ, ತಂಗಿಯಿಲ್ಲದ, ಒಂದೇ ಒಂದಾಗಿ ಹುಟ್ಟಿದ ಕಾರಿಗೆ ಆ ಆಸ್ತಿ ಎಲ್ಲಿಂದ ಬರಬೇಕು?

ಪುಣೆಯಿಂದ ದಕ್ಷಿಣಕ್ಕೆ, ಕೃಷ್ಣಾ–ಪಂಚಗಂಗೆಯ ಸೀಮೆಯಲ್ಲಿ, ಇಂಥ ಎರಡು ಕಾರುಗಳು ಹುಟ್ಟಿದವು. ಎರಡರ ನಡುವೆ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಂತರ.

ಮೊದಲನೆಯದು ಇಚಲಕರಂಜಿಯದು. ಗಡಿ ದಾಟಿದರೆ ಚಿಕ್ಕೋಡಿ, ನಿಪ್ಪಾಣಿ. ಕನ್ನಡ ಕೇಳಿದರೆ ಯಾರೂ ತಿರುಗಿ ನೋಡದ ಮಗ್ಗದ ಊರು. ಅಲ್ಲಿನ ಶಂಕರರಾವ್ ಕುಲಕರ್ಣಿಯವರು ಓದಿದ್ದು ಏಳನೆಯ ತರಗತಿಯವರೆಗೆ ಎಂದು ಹೇಳುತ್ತಾರೆ. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಅವರಿಗೆ ಜನಸಾಮಾನ್ಯರ ಕಾರು ಮಾಡಬೇಕೆಂಬ ಹುಚ್ಚು ಹಿಡಿಯಿತು. 1949ರಲ್ಲಿ ಮೊದಲ ಮಾದರಿ ಸಿದ್ಧವಾಯಿತು: ಇಬ್ಬರು ಕೂರುವ ಪುಟ್ಟ ಗಾಡಿ. ಹೆಸರು ಮೀರಾ. ಇಂಜಿನ್ ಹಿಂದೆ, ಸ್ಪ್ರಿಂಗ್ ಪಟ್ಟಿಗಳ ಬದಲು ರಬ್ಬರಿನ ಸಸ್ಪೆನ್ಷನ್. ಬಿಡಿಭಾಗ ಕಡಿಮೆ ಇದ್ದಷ್ಟೂ ಕೆಡುವುದು ಕಡಿಮೆ ಎಂಬ ಹಳ್ಳಿ ಮೇಸ್ತ್ರಿಯ ಲೆಕ್ಕಾಚಾರ ಅದರಲ್ಲಿತ್ತು. ಮುಂದಿನ ಎರಡು ದಶಕ ಅವರು ಒಂದಾದ ಮೇಲೊಂದು ಮಾದರಿ ಮಾಡುತ್ತಲೇ ಹೋದರು. ಎಪ್ಪತ್ತರ ದಶಕದ ಹೊತ್ತಿಗೆ ಅವರು ಅಂದಾಜಿಸಿದ ಬೆಲೆ 12,000 ರೂಪಾಯಿ.

ಆ ಗಾಡಿಗೆ ನಂಬರ್ ಪ್ಲೇಟ್ ಇತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಎಂಎಚ್‌ಕೆ 1906. ಎಂಎಚ್‌ಕೆ ಎಂದರೆ ಕೊಲ್ಹಾಪುರ ಪಾಸಿಂಗ್. ಅಂದರೆ 1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಮನೆಯಲ್ಲಿ ಕಟ್ಟಿದ ಕಾರು ಸರ್ಕಾರದ ರಿಜಿಸ್ಟರಿನಲ್ಲಿ ಒಂದು ಸಾಲು ಪಡೆದಿತ್ತು. ಸಿಗದೆ ಹೋದದ್ದು ಬೇರೆ ಕಾಗದ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಕಾರು ಕಾರ್ಖಾನೆ ತೆರೆಯಲು ದೆಹಲಿಯ ಲೈಸೆನ್ಸ್ ಬೇಕಿತ್ತು. ದೇಶದಲ್ಲಿ ಆಗ ಕಾರು ಎಂದರೆ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಅಷ್ಟೇ. ನಾಲ್ಕನೆಯ ಕುರ್ಚಿಗೆ ಪೈಪೋಟಿ ದೊಡ್ಡವರ ನಡುವೆ ನಡೆಯುತ್ತಿತ್ತು. ಇಚಲಕರಂಜಿಯ ಕುಲಕರ್ಣಿಯವರಿಗೆ ಆ ಕುರ್ಚಿ ಸಿಗಲಿಲ್ಲ, ಮೀರಾ ಮಾರಾಟಕ್ಕೆ ಬರಲೇ ಇಲ್ಲ.

ಎರಡನೆಯ ಕಾರು ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯದು. ಯಶವಂತರಾವ್ ಚವಾಣರು ಹುಟ್ಟಿದ ಊರೆಂದು ಮಹಾರಾಷ್ಟ್ರದಲ್ಲಿ ಹೆಸರಾದದ್ದು. 2021ರ ಡಿಸೆಂಬರಿನಲ್ಲಿ ಇಲ್ಲಿನ ದತ್ತಾತ್ರಯ ಲೋಹಾರ್ ಎಂಬವರ ವಿಡಿಯೋ ದೇಶದ ತುಂಬ ಓಡಾಡಿತು. ಲೋಹಾರ್ ಎಂದರೆ ಕಮ್ಮಾರ; ಹೆಸರೇ ಕಸುಬು. ಗುಜರಿಯ ಕಬ್ಬಿಣ, ಹಳೆಯ ವಾಹನಗಳ ಭಾಗಗಳನ್ನು ಜೋಡಿಸಿ ಅವರು ಮಗನಿಗಾಗಿ ಜೀಪಿನಂಥ ನಾಲ್ಕು ಚಕ್ರದ ಗಾಡಿ ಮಾಡಿದ್ದರು. ಖರ್ಚು ಸುಮಾರು 60,000 ರೂಪಾಯಿ. ಸ್ಟಾರ್ಟ್ ಮಾಡುವುದು ಬೈಕಿನಂತೆ ಕಿಕ್ ಹೊಡೆದು. ನೋಡಿದವರಿಗೆ ಮೊದಲು ನಗು, ಆಮೇಲೆ ಬೆರಗು.

ನೋಡಿದವರಲ್ಲಿ ಆನಂದ್ ಮಹೀಂದ್ರಾ ಕೂಡ ಒಬ್ಬರು. ಟ್ವಿಟರ್‌ನಲ್ಲಿ ಅವರು ಆ ಜಾಣ್ಮೆಯನ್ನು ಬಾಯಿತುಂಬ ಹೊಗಳಿದರು. ಜೊತೆಗೆ ಇದು ಯಾವ ನಿಯಮಕ್ಕೂ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆ ಎಂದೂ ಬರೆದರು. ಇದನ್ನು ಕೊಟ್ಟರೆ ಬದಲಿಗೆ ಒಂದು ಬೊಲೆರೊ ಕೊಡುತ್ತೇನೆ, ಚೆನ್ನೈ ಬಳಿಯ ಮಹೀಂದ್ರಾ ರಿಸರ್ಚ್ ವ್ಯಾಲಿಯಲ್ಲಿ ಇದನ್ನು ಪ್ರದರ್ಶನಕ್ಕಿಡಬಹುದು ಎಂದರು. ಲೋಹಾರ್ ಅವರ ಮನಸ್ಸು ತಕ್ಷಣ ಒಪ್ಪಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಕೊನೆಗೆ 2022ರ ಜನವರಿಯಲ್ಲಿ ಅದಲುಬದಲಾಯಿತು.

ಅದು ಒಳ್ಳೆಯ ಮನಸ್ಸಿನ ಉಡುಗೊರೆಯೇ, ಅನುಮಾನವಿಲ್ಲ. ಆದರೂ ಅದರೊಳಗಿನ ತರ್ಕ ಸ್ವಲ್ಪ ಚುಚ್ಚುತ್ತದೆ. ಗಾಡಿ ಮಾಡಿದವನಿಗೆ ಸಿಕ್ಕ ಅತ್ಯುತ್ತಮ ಪರಿಹಾರವೆಂದರೆ ಬೇರೊಬ್ಬರು ಮಾಡಿದ ಗಾಡಿ. ಅದಕ್ಕೆ ಕಾರಣ ಕಾಗದಗಳಲ್ಲಿದೆ.

ಹೊಸ ವಾಹನದ ನೋಂದಣಿಗೆ ಅರ್ಜಿ ಫಾರಂ 20. ಅದರ ಜೊತೆ ಮುಖ್ಯವಾಗಿ ಎರಡು ಬೇಕು. ಫಾರಂ 21 ಮಾರಾಟದ ಪತ್ರ: ತಯಾರಕ ಅಥವಾ ಡೀಲರು ಇಂಥವರಿಗೆ ಇದನ್ನು ಮಾರಿದ್ದೇನೆ ಎಂದು ಬರೆದುಕೊಡುವುದು. ಫಾರಂ 22 ಯೋಗ್ಯತಾ ಪತ್ರ: ಈ ಚಾಸಿ ನಂಬರಿನ, ಈ ಇಂಜಿನ್ ನಂಬರಿನ ವಾಹನ ಹೊಗೆ, ಸುರಕ್ಷತೆ, ರಸ್ತೆಯೋಗ್ಯತೆಯ ನಿಯಮಗಳನ್ನು ಪಾಲಿಸಿದೆ ಎಂದು ತಯಾರಕ ಸಹಿ ಹಾಕುವುದು. ಲೋಹಾರ್ ಅವರ ಗಾಡಿಯನ್ನು ಅವರಿಗೆ ಯಾರೂ ಮಾರಲಿಲ್ಲ. ಹಾಗಾದರೆ ಫಾರಂ 21ರಲ್ಲಿ ಮಾರಿದವರ ಹೆಸರು ಯಾವುದು? ತಮಗೆ ತಾವೇ ಮಾರಿಕೊಳ್ಳಬಹುದೇ? ಫಾರಂ 22ಕ್ಕೆ ತಯಾರಕರೆಂದು ಅವರೇ ಸಹಿ ಹಾಕಬಹುದೇ?

ಇಲ್ಲಿ ಕಾಯ್ದೆಯ ವ್ಯಾಖ್ಯೆಯೊಂದನ್ನು ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ‘ತಯಾರಕ’ ಎಂಬ ಪದದ ಅರ್ಥವನ್ನು ಸೇರಿಸಿದರು. ಅದರ ಸಾರ: ಮೋಟಾರು ವಾಹನ ತಯಾರಿಕೆಯಲ್ಲಿ ತೊಡಗಿರುವ ವ್ಯಕ್ತಿಯೇ ತಯಾರಕ. ನಿಘಂಟು ಮಾಡುವವರು ಇಂಥ ಅರ್ಥ ಬರೆದರೆ ಮರುದಿನವೇ ಕೆಲಸ ಹೋಗುತ್ತದೆ. ಆದರೆ ವ್ಯಾಖ್ಯೆ ಸುತ್ತಿ ಸುತ್ತಿ ಅಲ್ಲೇ ಬಂದರೂ ಒಂದು ಬಾಗಿಲು ತೆರೆದಿಟ್ಟಿದೆ. ‘ತೊಡಗಿರುವ’ ಎಂದರೆ ಎಷ್ಟು ಗಾಡಿ ಮಾಡುವುದು? ಸಾವಿರ? ಹತ್ತು? ಒಂದು? ಸಂಖ್ಯೆ ಹೇಳಿಲ್ಲ. ಅಕ್ಷರ ಹಿಡಿದು ಓದಿದರೆ ದೇವರಾಷ್ಟ್ರೆಯ ಕುಲುಮೆಯವರೂ ತಯಾರಕರೇ.

ಚಾಸಿ ನಂಬರಿನ ಅಂತರರಾಷ್ಟ್ರೀಯ ಪದ್ಧತಿಯೂ ಸಣ್ಣವರನ್ನು ಹೊರಗಿಟ್ಟಿಲ್ಲ. ಹದಿನೇಳು ಅಕ್ಷರ–ಅಂಕಿಗಳಲ್ಲಿ ಮೊದಲ ಮೂರು ತಯಾರಕರ ಗುರುತು. ವರ್ಷಕ್ಕೆ ಕೆಲವೇ ನೂರು ಗಾಡಿ ಮಾಡುವವರಿಗಾಗಿ ಮೂರನೆಯ ಜಾಗದಲ್ಲಿ 9 ಹಾಕುವ ಕ್ರಮವೇ ಇದೆ. ಇನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 47ನೆಯ ನಿಯಮ ಓದಿದರೆ, ಮಾಮೂಲಿ ದಾರಿಯಲ್ಲಿ ಬಾರದ ಎಷ್ಟೋ ಗಾಡಿಗಳಿಗೆ ಅಲ್ಲಿ ಒಂದೊಂದು ಸಾಲಿದೆ. ಸೈನ್ಯ ಹರಾಜು ಹಾಕಿದ ವಾಹನಕ್ಕೆ ಒಂದು. ಹಡಗಿನಲ್ಲಿ ಬಂದದ್ದಕ್ಕೆ ಕಸ್ಟಮ್ಸ್ ಕಾಗದದ ಒಂದು. ಟ್ರೇಲರ್ ವಿನ್ಯಾಸಕ್ಕೆ ರಾಜ್ಯದ ಸಾರಿಗೆ ಅಧಿಕಾರಿಗಳ ಒಪ್ಪಿಗೆ ಇದ್ದರೆ ಒಂದು. ಬೇರೆಯವರ ಚಾಸಿ ಮೇಲೆ ಬಸ್ಸಿನ, ಲಾರಿಯ ಬಾಡಿ ಕಟ್ಟುವವರಿಗೆಂದೇ ಫಾರಂ 22-ಎ: ಮೊದಲ ಭಾಗಕ್ಕೆ ಚಾಸಿಯವರ ಸಹಿ, ಎರಡನೆಯದಕ್ಕೆ ಬಾಡಿಯವರ ಸಹಿ. ಸಾಂಗ್ಲಿ, ಬೆಳಗಾವಿಯ ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಬೆಸುಗೆ ಹಾಕುವ ವರ್ಕ್‌ಷಾಪುಗಳು ರಸ್ತೆಗುಂಟ ಕಾಣುತ್ತವೆ. ಅದೇ ಬೆಸುಗೆ, ಅದೇ ಕೈ. ಎಳೆಸಿಕೊಂಡು ಹೋಗುವುದನ್ನು ಮಾಡಿದರೆ ಕಾಯ್ದೆಗೆ ಅರ್ಥವಾಗುತ್ತದೆ. ತಾನೇ ಓಡುವುದನ್ನು ಮಾಡಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಸಿಕ್ಕಿಕೊಳ್ಳುವ ಜಾಗ 126ನೆಯ ನಿಯಮ. 1993ರ ತಿದ್ದುಪಡಿ ಜಾರಿಯಾದಂದಿನಿಂದ ಪ್ರತಿಯೊಬ್ಬ ತಯಾರಕನೂ ತಾನು ಮಾಡಲಿರುವ ವಾಹನದ ಪ್ರೊಟೊಟೈಪನ್ನು ಪರೀಕ್ಷೆಗೆ ಒಪ್ಪಿಸಬೇಕು. ಎಲ್ಲಿಗೆ ಎಂಬ ಪಟ್ಟಿಯೂ ಅಲ್ಲಿದೆ: ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ರಕ್ಷಣಾ ಇಲಾಖೆಯ ವಾಹನ ಸಂಶೋಧನಾ ಕೇಂದ್ರ, ಪುಣೆಯ ಎಆರ್‌ಎಐ, ಬುಧನಿಯ ಟ್ರ್ಯಾಕ್ಟರ್ ಕೇಂದ್ರ, ಹೀಗೆ. ಸ್ವಾರಸ್ಯವೆಂದರೆ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವೆಂದು ಸರ್ಕಾರ ತೀರ್ಮಾನಿಸಿದ್ದೂ 1993ರಲ್ಲೇ. ಕುಲಕರ್ಣಿಯವರ ಕಾಲದಲ್ಲಿ ಒಂದು ಕಾರಿಗೆ ನಂಬರು ಸಿಗುತ್ತಿತ್ತು, ಸಾವಿರ ಕಾರಿಗೆ ಪರವಾನಗಿ ಸಿಗುತ್ತಿರಲಿಲ್ಲ. ಲೋಹಾರ್ ಅವರ ಕಾಲಕ್ಕೆ ಅದು ತಿರುಗುಮುರುಗಾಗಿತ್ತು: ಸಾವಿರ ಕಾರು ಮಾಡುತ್ತೇನೆಂದರೆ ಯಾರೂ ಅಡ್ಡ ಬರುವುದಿಲ್ಲ, ಒಂದೇ ಸಾಕು ಎಂದವನಿಗೆ ದಾರಿ ಇಲ್ಲ.

ಪ್ರೊಟೊಟೈಪ್ ಎಂಬ ಪದದಲ್ಲೇ ಮುಂದೆ ಬರಲಿರುವವುಗಳ ಸೂಚನೆ ಇದೆ. ಪರೀಕ್ಷೆಗೆ ಕೊಟ್ಟದ್ದು ಹಾಳಾದರೂ ನಷ್ಟವಿಲ್ಲ, ಅದರಂಥವು ಬರುತ್ತವೆ. ಈ ಗುಡ್ಡದ ನಿಜವಾದ ಬೇತಾಳ ಪ್ರಶ್ನೆ ಇರುವುದು ಇಲ್ಲಿಯೇ. ಎಐಎಸ್ 098 ಎಂಬ ಮಾನದಂಡದ ಪ್ರಕಾರ, 2017ರ ಅಕ್ಟೋಬರಿನಿಂದ ಹೊಸ ಮಾದರಿಯ ಕಾರುಗಳು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಒಂದು ಬದಿಯನ್ನು ತಡೆಗೋಡೆಗೆ ಗುದ್ದಿ ತೋರಿಸಬೇಕು. ಒಳಗೆ ಕೂತ ಬೊಂಬೆಗಳ ತಲೆ, ಎದೆ, ತೊಡೆಗೆ ಎಷ್ಟು ಪೆಟ್ಟಾಯಿತು ಎಂದು ಅಳೆಯುತ್ತಾರೆ. ಕಂಪನಿಗೆ ಇದು ಖರ್ಚಿನ ಬಾಬ್ತು. ಒಂದೇ ಕಾರು ಇರುವವನು ಗುದ್ದಿಸಿದರೆ ಕಾರು ಉಳಿಯುವುದಿಲ್ಲ. ಗುದ್ದಿಸದಿದ್ದರೆ ನಂಬರು ಸಿಗುವುದಿಲ್ಲ. ಪಾಸಾದ ಕಾರು ಯಾವುದು, ರಾಜಾ?

ಹೊಂದಿಕೆಯಾಗದ ಗಾಡಿಯ ಕಷ್ಟ ಬಡವನಿಗೆ ಮಾತ್ರ ಎಂದೇನೂ ಅಲ್ಲ. ಪುಣೆಯ ಆಕುರ್ಡಿಯಲ್ಲಿ ಮುಖ್ಯ ಕಚೇರಿ ಇರುವ ಬಜಾಜ್ ಆಟೊ 2012ರ ಜನವರಿಯಲ್ಲಿ ಆರ್‌ಇ60 ಎಂಬ ಪುಟ್ಟ ನಾಲ್ಕು ಚಕ್ರದ ಗಾಡಿ ತೋರಿಸಿತು. ರಿಕ್ಷಾಕ್ಕೆ ಒಂದು ಚಕ್ರ ಹೆಚ್ಚು, ಕಾರಿಗೆ ಎಲ್ಲವೂ ಕಡಿಮೆ. ಯಾವ ವರ್ಗಕ್ಕೆ ಸೇರಿಸಬೇಕೆಂದು ಕಾನೂನಿಗೆ ತಿಳಿಯಲಿಲ್ಲ. ‘ಕ್ವಾಡ್ರಿಸೈಕಲ್’ ಎಂಬ ಹೊಸ ವರ್ಗ ಮಾಡಬೇಕಾಯಿತು, ಮೊಕದ್ದಮೆಗಳು ನಡೆದವು. ಅಷ್ಟರಲ್ಲಿ ಗಾಡಿ ಹೊರದೇಶಗಳಿಗೆ ರಫ್ತಾಗುತ್ತಿತ್ತು. ಅದನ್ನು ಮಾಡಿದ ದೇಶದಲ್ಲಿ ಮಾತ್ರ ಓಡುವಂತಿರಲಿಲ್ಲ. ಕ್ಯೂಟ್ ಎಂಬ ಹೆಸರಿನಲ್ಲಿ ಅದು ಇಲ್ಲಿ ಖಾಸಗಿ ಗಿರಾಕಿಗಳಿಗೆ ಸಿಕ್ಕಿದ್ದು 2019ರಲ್ಲಿ. ಬೆಂಗಳೂರಿನ ರೇವಾ ಕಾರಿನದು ಇದರ ತಲೆಕೆಳಗಿನ ಕಥೆ. ಚೇತನ್ ಮೈನಿಯವರ ಕಂಪನಿಯ ಆ ವಿದ್ಯುತ್ ಕಾರು 2001ರಲ್ಲಿ ಇಲ್ಲಿ ಕಾರೆಂದೇ ರಸ್ತೆಗಿಳಿಯಿತು. ಲಂಡನ್ನಿಗೆ ಹೋಗಿ ಜಿ-ವಿಜ್ ಆದಾಗ ಅಲ್ಲಿನವರು ಅದನ್ನು ಕಾರು ಎನ್ನದೆ ಕ್ವಾಡ್ರಿಸೈಕಲ್ ಎಂದು ಬರೆದುಕೊಂಡರು. ಗಾಡಿ ಒಂದೇ, ರಿಜಿಸ್ಟರು ಬದಲಾದಾಗ ಜಾತಿ ಬದಲು.

ಇಷ್ಟು ಹೇಳಿ ಕಾಯ್ದೆ ಮೂರ್ಖತನದ್ದು ಎಂದು ನಕ್ಕು ಮುಗಿಸುವುದು ಸುಲಭ. ಆದರೆ ರಸ್ತೆಯಲ್ಲಿ ಗಾಡಿ ಮಾಡಿದವನೊಬ್ಬನೇ ಇರುವುದಿಲ್ಲ. ಉತ್ತರ ಭಾರತದ ‘ಜುಗಾಡ್’ ಗಾಡಿಗಳನ್ನು ನೋಡಿದವರಿಗೆ ಇದು ಗೊತ್ತು: ನೀರೆತ್ತುವ ಡೀಸೆಲ್ ಇಂಜಿನ್ನು, ಮರದ ಹಲಗೆ, ಹಳೆಯ ಜೀಪಿನ ಚಕ್ರ, ಮೇಲೆ ಇಪ್ಪತ್ತು ಮೂವತ್ತು ಜನ. ರಾಜಸ್ಥಾನದ ಅಪಘಾತವೊಂದರ ಪರಿಹಾರದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಬಂದು, 2013ರ ಮೇ ತಿಂಗಳಲ್ಲಿ ತೀರ್ಪಾಯಿತು: ಜುಗಾಡ್ ಕೂಡ ಮೋಟಾರು ವಾಹನವೇ, ನೋಂದಣಿ ವಿಮೆ ಎಲ್ಲ ಬೇಕು. ನೋಂದಣಿಯಿಲ್ಲದ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಸಿಗುವುದು ಕಷ್ಟ. ವಿಮೆಯಿಲ್ಲದ ಗಾಡಿ ಯಾರಿಗಾದರೂ ಬಡಿದರೆ ಪರಿಹಾರ ಕೊಡಬೇಕಾದವನು ಆ ಗಾಡಿಯವನೇ. ಅವನ ಹತ್ತಿರ ಗುಜರಿ ಬಿಟ್ಟು ಏನಿರುತ್ತದೆ? ರಸ್ತೆ ದಾಟುತ್ತಿದ್ದ ಮುದುಕಿಗೆ ಗಾಡಿ ಮಾಡಿದವನ ಜಾಣ್ಮೆಯಿಂದ ಆಗಬೇಕಾದದ್ದು ಏನೂ ಇಲ್ಲ. ಅವಳಿಗೆ ಬೇಕಾದದ್ದು ಬ್ರೇಕು ಹಿಡಿಯುತ್ತದೆಯೇ ಎಂಬುದೊಂದೇ.

ಬ್ರೇಕು ಹಿಡಿಯುತ್ತದೆಯೇ ಎಂದು ನೋಡಲು ಕಾರನ್ನು ಗೋಡೆಗೆ ಗುದ್ದಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರಿಗೆ ಒಂಟಿ ವಾಹನದ ಪರೀಕ್ಷೆಯೇ ಇದೆ. ಬ್ರೇಕು, ದೀಪ, ಸ್ಟೀರಿಂಗು, ಚೂಪಾದ ಅಂಚು, ಹೊಗೆ, ಸದ್ದು ಎಲ್ಲ ನೋಡುತ್ತಾರೆ. ಹುಟ್ಟಿದ ವರ್ಷ ತಿಳಿಯದ ಕಲಬೆರಕೆ ಗಾಡಿಗೆ ಕ್ಯೂ ಅಕ್ಷರದ ನಂಬರು ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಕಟ್ಟಿದ ಕಾರುಗಳಿಗೆ ಹೊಗೆಯ ಕಟ್ಟುನಿಟ್ಟಿನಿಂದ ಒಂದು ರಿಯಾಯಿತಿ ಇದೆ, ವರ್ಷಕ್ಕೆ ಮೊದಲು ಬಂದ 500 ಕಾರುಗಳಿಗೆ ಮಾತ್ರ. ಅಮೆರಿಕದಲ್ಲಿ ಬಿಡಿಭಾಗಗಳ ರಸೀತಿಗಳನ್ನು ಜೋಪಾನವಾಗಿಟ್ಟುಕೊಂಡವನೇ ಜಾಣ. ಒಡೆತನದ ಪತ್ರಕ್ಕೆ ಅವೇ ಆಧಾರ. ಭಾರತದಲ್ಲಾದರೋ ‘ಕಿಟ್ ಕಾರು’ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿದರೆ ಸಿಎನ್‌ಜಿ ಕಿಟ್ ಹಾಕಿಸಿದ ಕಾರೇ ಎಂದು ಮರುಪ್ರಶ್ನೆ ಬಂದೀತು. ಇಲ್ಲಿ ಮಂಜೂರಾತಿ ಇರುವುದು ಕಿಟ್‌ಗೆ.

ಒಂಟಿ ಗಾಡಿಗೆ ದಾರಿ ಮಾಡುವುದು ಇಲ್ಲಿನ ಸರ್ಕಾರಕ್ಕೆ ತಿಳಿಯದ ವಿದ್ಯೆಯೂ ಅಲ್ಲ. 2021ರ ಜುಲೈನಲ್ಲಿ, ಲೋಹಾರ್ ಅವರ ವಿಡಿಯೋ ಬರುವುದಕ್ಕೆ ಐದು ತಿಂಗಳ ಮೊದಲು, ಐವತ್ತು ವರ್ಷ ದಾಟಿದ ವಿಂಟೇಜ್ ವಾಹನಗಳಿಗೆಂದೇ ನಿಯಮ ಬಂತು. ನಂಬರಿನ ನಡುವೆ ‘ವಿಎ’ ಎಂಬ ಅಕ್ಷರಗಳು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಮಾಮೂಲಿ ಓಡಾಟಕ್ಕೆ ಬಳಸುವಂತಿಲ್ಲ ಎಂಬ ಷರತ್ತು. ಷರತ್ತು ಹಾಕಿ ಒಳಗೆ ಬಿಟ್ಟುಕೊಳ್ಳುವ ಕ್ರಮ ಇದು. ಅರಮನೆಯ ಗ್ಯಾರೇಜಿನಲ್ಲಿ ಉಳಿದ ಹಳೆಯ ಕಾರಿಗೆ ಮಾಡಿದ್ದನ್ನು ಕುಲುಮೆಯಲ್ಲಿ ಹುಟ್ಟಿದ ಹೊಸ ಗಾಡಿಗೆ ಮಾಡಲಾಗದು ಎನ್ನುವುದಕ್ಕೆ ತಾಂತ್ರಿಕ ಕಾರಣ ಕಾಣುವುದಿಲ್ಲ. ವೇಗಕ್ಕೊಂದು ಮಿತಿ, ಊರಿನ ಸುತ್ತ ಇಷ್ಟು ಕಿಲೋಮೀಟರ್, ಬಾಡಿಗೆಗೆ ಬಿಡುವಂತಿಲ್ಲ, ವರ್ಷಕ್ಕೊಮ್ಮೆ ತಪಾಸಣೆ: ಹೀಗೆ ಬರೆಯಲು ಒಂದು ಪುಟ ಸಾಕು. ಬರೆಯುವಂತೆ ಕೇಳುವವರು ಬೇಕು. ಹಳೆಯ ಕಾರಿನವರಿಗೆ ಕ್ಲಬ್ಬುಗಳಿವೆ. ಕಮ್ಮಾರರಿಗಿಲ್ಲ.

ಆ ಪುಟ ಇಲ್ಲದಿರುವತನಕ ಜನ ತಮ್ಮದೇ ದಾರಿ ಹುಡುಕುತ್ತಾರೆ. ಹಳೆಯ ಜೀಪಿನ ಆರ್‌ಸಿ ಇಟ್ಟುಕೊಂಡು ಅದರ ಹೆಸರಿನಲ್ಲಿ ಹೊಸದೇ ಗಾಡಿ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕಾಗದದ ಪ್ರಕಾರ ಅದು ಹಳೆಯ ಜೀಪು. ಕಣ್ಣಿನ ಪ್ರಕಾರ ಚಾಸಿ ನಂಬರು ಕೊರೆದ ಒಂದು ತುಂಡು ಕಬ್ಬಿಣ ಮಾತ್ರ ಹಳೆಯದು. ಕಂಪನಿಯ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ ಮೇಲೆ ಆ ದಾರಿಗೂ ಬೇಲಿ ಬಿತ್ತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ ಸೇರಿತು. ಸುಳ್ಳು ಕಾಗದದ ಗಾಡಿಗೆ ವಿಮೆ ಇದ್ದೂ ಇಲ್ಲದಂತೆ. ರಸ್ತೆ ದಾಟುವ ಮುದುಕಿಗೆ ಇದರಿಂದ ಕ್ಷೇಮವೇನೂ ಹೆಚ್ಚಲಿಲ್ಲ.

ಪುಣೆಯ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಪ್ರತಿವರ್ಷ ರಾತ್ರಿ ನಿದ್ದೆಗೆಟ್ಟು ರೇಸಿನ ಗಾಡಿ ಕಟ್ಟುತ್ತಾರೆ. ಬೇಲಿ ಹಾಕಿದ ಟ್ರ್ಯಾಕಿನಲ್ಲಿ ಓಡಿಸುತ್ತಾರೆ. ಅಲ್ಲಿಗೆ ಲಾರಿಯಲ್ಲಿ ಹೇರಿಕೊಂಡು ಹೋಗಿ, ಲಾರಿಯಲ್ಲೇ ತರುತ್ತಾರೆ. ಕಟ್ಟಲು ಕಲಿತವರು ಆಮೇಲೆ ಚಾಕಣದ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ.

ಅದೇ ಪುಣೆಯ ರಸ್ತೆಗಳಲ್ಲಿ ಆಗಾಗ ಒಂದು ವಿಚಿತ್ರ ಗಾಡಿ ಕಾಣಿಸುತ್ತದೆ. ಮೈತುಂಬ ಕಪ್ಪು ಬಿಳುಪಿನ ಸುರುಳಿ ಚಿತ್ತಾರದ ಹಾಳೆ ಅಂಟಿಸಿರುತ್ತಾರೆ, ಆಕಾರ ಯಾರಿಗೂ ಗೊತ್ತಾಗಬಾರದೆಂದು. ಹೆಸರಿಲ್ಲ, ಆರ್‌ಸಿ ಇಲ್ಲ. ಹಿಂದಿನ ಗಾಜಿನ ಮೇಲೆ ಎಆರ್‌ಎಐ ಪರೀಕ್ಷೆಯಲ್ಲಿದೆ ಎಂಬ ಚೀಟಿ, ನಂಬರಿನ ಜಾಗದಲ್ಲಿ ಕೆಂಪು ಹಲಗೆಯ ಟ್ರೇಡ್ ಪ್ಲೇಟು. ಅದು ಯಾವುದೋ ದೊಡ್ಡ ಕಂಪನಿಯ ಮುಂದಿನ ವರ್ಷದ ಮಾದರಿ. ಇನ್ನೂ ಪಾಸಾಗಿಲ್ಲ, ಆದರೂ ಓಡುತ್ತದೆ. ಟ್ರಾಫಿಕ್ ಪೊಲೀಸರು ಕೈ ಅಡ್ಡ ಮಾಡುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ರಿಕ್ಷಾದವನು ಕತ್ತು ಚಾಚಿ ನೋಡುತ್ತಾನೆ: ಒಳಗೆ ಸೀಟಿನ ಮೇಲೆ ಮರಳಿನ ಚೀಲಗಳು, ಡ್ಯಾಶ್‌ಬೋರ್ಡಿನಿಂದ ಇಳಿಬಿದ್ದ ವೈರುಗಳು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಒಬ್ಬ ಹುಡುಗ.